ದೂರದವರಿಗೆ ಹೇಳುವ ಮಾತು

ನಲ್ಲಿಯಲ್ಲಿ ನೀರಿಲ್ಲದ ದವಾಖಾನೆಗೆ ಆಕಾಶದಿಂದ ಡಾಕ್ಟರು ಬರುತ್ತಾರೆ ಎಂಬ ಸುದ್ದಿ ಕೇಳಿದಾಗ ಸುಭದ್ರಾಬಾಯಿ ನಗಲೂ ಇಲ್ಲ. ನಗಿಸುವುದಕ್ಕೂ ಒಂದು ಯೋಗ್ಯತೆ ಬೇಕು ಎನ್ನುವಂತೆ ಮೂಗು ಮುರಿದು, ಸುದ್ದಿ ಹೇಳಿದವನ ತಾಟಿಗೆ ಇನ್ನೊಂದು ರೊಟ್ಟಿ ಒಗೆದಳು. ಭಾಲ್ಕಿ ರೈಲು ನಿಲ್ದಾಣದ ಹತ್ತಿರ ಅವಳದೊಂದು ಖಾನಾವಳಿ. ಸುದ್ದಿ ಹೇಳಿದವನು ಔರಾದ ಬಸ್ಸಿನ ಕಂಡಕ್ಟರ್ ದತ್ತಾತ್ರಿ. ಊರೂರಿನ ಮಾತನ್ನೆಲ್ಲ ಟಿಕೆಟ್ಟಿಲ್ಲದೆ ಸಾಗಿಸುವ ಪುಣ್ಯಾತ್ಮ.

“ಖರೇನ ಹೇಳ್ತೇನ್ರಿ,” ಎಂದ ದತ್ತಾತ್ರಿ. “ಔರಾದದಾಗ ಟ್ರಸ್ಟಿನ ದವಾಖಾನಿ ಮ್ಯಾಲ ಟೀವಿ ಡಿಶ್ಶಿನಂಥಾ ದೊಡ್ಡ ಛತ್ರಿ ಕುಂದ್ರಿಸ್ಯಾರ. ಬೆಂಗಳೂರಿನ ಡಾಕ್ಟರ್ ಟೀವ್ಯಾಗ ಕುಂತು ಪೇಷಂಟಗೋಳಿಗಿ ನೋಡ್ತಾರ. ನಿಮ್ಮ ತಂಗಿಗೂ ಅಲ್ಲೇ ತೋರಸ್ರಿ.”

“ನನ್ನ ತಂಗಿಗಿ ಏನಾಗ್ಯಾದ?”

ದತ್ತಾತ್ರಿ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. “ನಿಮಗ ಗೊತ್ತಿಲ್ಲೇನ್ರಿ? ಶಾಲುಬಾಯಿ ಅವ್ರು ಬಸ್ಸಿನ ಮೆಟ್ಟಲಾ ಹತ್ತೂದ್ರಾಗ ನಡುವ ನಿಂತು ಉಸಿರು ತಗೋತಾರ. ಕಾಲು ಬಾತಾವ.”

ಸುಭದ್ರಾಬಾಯಿ ನೆನಪಿಸಿಕೊಂಡಳು. ಹೋದ ಭಾನುವಾರ ತಂಗಿ ಫೋನಿನಲ್ಲಿ ಮಾತಾಡಿದ್ದಳು. ಏನೆಂದಿದ್ದಳು? “ಆರಾಮ ಅದೀನಕ್ಕಾ. ನೀ ಚಿಂತಿ ಮಾಡಬ್ಯಾಡ.”

ಈ ಆರಾಮದ ಕಥೆಯನ್ನು ಸ್ವಲ್ಪ ಹೇಳಬೇಕು. ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ ಅದು. ಮಳೆ ಮೇಲಿಂದ ಮೇಲೆ ಕೈಕೊಟ್ಟು ಮಾಂಜ್ರಾ ನದಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ದುಡಿಯುವ ಕೈಗಳೆಲ್ಲ ಹೈದರಾಬಾದಿಗೋ ಪುಣೆಗೋ ಕಟ್ಟಡ ಕಟ್ಟಲು ಹೋಗಿದ್ದವು. ಶಾಲುಬಾಯಿಯ ಗಂಡ ಮಚ್ಛೇಂದ್ರನೂ ಹೈದರಾಬಾದಿನಲ್ಲಿ ಗೌಂಡಿ ಕೆಲಸಕ್ಕಿದ್ದ. ಭಾನುವಾರ ಬಂತೆಂದರೆ ಔರಾದದ ಖಾಸಿಂ ಅಲಿಯ ಎಸ್‌ಟಿಡಿ ಬೂತಿನ ಮುಂದೆ ಹೆಂಗಸರ ಸಾಲು. ಒಳಗೆ ಹೋದವರು ಹೇಳುವ ಮಾತು ಮಾತ್ರ ಒಂದೇ. ಮಗುವಿಗೆ ಜ್ವರ ಬಂದಿರಲಿ, ಆಡು ಸತ್ತಿರಲಿ, ಬಾವಿ ಬತ್ತಿರಲಿ, “ನಾವು ಆರಾಮ ಅದೀವಿ, ನೀವು ಚಿಂತಿ ಮಾಡಬ್ಯಾಡ್ರಿ.”

ಆರಾಮ ಇಲ್ಲ ಎನ್ನುವ ಮಾತು ಫೋನಿನಲ್ಲಿ ಬರುತ್ತಿದ್ದದ್ದು ಯಾರಾದರೂ ಸತ್ತಾಗ ಮಾತ್ರ. ಒಬ್ಬನೇ ಬಸ್ಸಿನಲ್ಲಿ ಕೂತು ಬರಬೇಕಾದವನಿಗೆ ಸಾವಿನ ಸುದ್ದಿಯನ್ನು ಯಾರು ಹೇಳುತ್ತಾರೆ? “ನಿಮ್ಮಪ್ಪಗ ಆರಾಮ ಇಲ್ಲ, ಲಗೂನ ಬಾ,” ಎನ್ನುತ್ತಿದ್ದರು. ಅಷ್ಟು ಕೇಳಿದ್ದೇ ಅಲ್ಲಿದ್ದವನು ಗಂಟು ಕಟ್ಟಿಕೊಂಡು ಹೊರಡುತ್ತಿದ್ದ. ದಾರಿಯುದ್ದಕ್ಕೂ ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೂತಿರುತ್ತಿದ್ದ. ಹೀಗಾಗಿ ಆ ವರ್ಷಗಳಲ್ಲಿ ಬದುಕಿದ್ದವರಿಗೆ ಕಾಯಿಲೆ ಬೀಳುವ ಸವಲತ್ತೇ ಇಲ್ಲವಾಗಿತ್ತು. ಒಂದೋ ಆರಾಮ, ಇಲ್ಲವೋ ಮಣ್ಣು.

ಸುಭದ್ರಾಬಾಯಿ ಖಾನಾವಳಿಗೆ ಬೀಗ ಹಾಕಿ ಔರಾದಕ್ಕೆ ಬಂದಳು. ತಂಗಿ ಗೋಡೆಗೆ ಗೋಣಿಚೀಲ ಒಟ್ಟಿ, ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಅಡ್ಡಾದರೆ ಉಸಿರು ಕಟ್ಟುತ್ತದಂತೆ, ಹಾಗಾಗಿ ಕೂತೇ ನಿದ್ದೆ. ನಲವತ್ತು ದಾಟದ ಹೆಂಗಸಿನ ತುಟಿ ನೇರಳೆಯ ಬಣ್ಣಕ್ಕೆ ತಿರುಗಿತ್ತು. ಪಾದದ ಮೇಲೆ ಬೆರಳೊತ್ತಿದರೆ ಕುಣಿ ಬಿದ್ದು ಅಲ್ಲೇ ಉಳಿಯುತ್ತಿತ್ತು.

“ಏನವ್ವಾ ಆರಾಮ ಮಹಾರಾಣಿ,” ಎಂದಳು ಸುಭದ್ರಾಬಾಯಿ. ಅಳುವನ್ನು ಬೈಗುಳದಲ್ಲಿ ಮುಚ್ಚಿಕೊಳ್ಳುವುದು ಅವಳ ರೂಢಿ. “ನಿನ್ನ ಉಸಿರು ಓಣಿಗೆಲ್ಲಾ ಕೇಳ್ತದ. ಗಂಡಗ ಯಾಕ ಹೇಳಿಲ್ಲ?”

“ಆರಾಮ ಇಲ್ಲ ಅಂದ್ರ ಅವರು ಎದಿ ಒಡಕೋತಾರಕ್ಕಾ. ನಾ ಸತ್ತೇನಂತ ತಿಳಕೋತಾರ.”

“ಹಂಗಾದ್ರ ಸತ್ತ ಮ್ಯಾಲೇ ಹೇಳೋಣು ಬಿಡು, ಲೆಕ್ಕ ಸರಿ ಆಗ್ತದ.”

ಮರುದಿನವೇ ತಂಗಿಯನ್ನು ಟ್ರಸ್ಟಿನ ದವಾಖಾನೆಗೆ ಕರೆದುಕೊಂಡು ಹೋದಳು. ಆ ಬಾಗಿಲಲ್ಲೇ ಅವಳ ಮೈ ಉರಿಯಿತು. ಕುಡಿಯುವ ನೀರಿನ ಡ್ರಮ್ಮು ಖಾಲಿ. ಪಾಯಖಾನೆಗೆ ಬೀಗ. ವಾರ್ಡಿನ ಫ್ಯಾನು ತಿರುಗುವುದನ್ನು ಬಿಟ್ಟು ವರ್ಷವಾಗಿತ್ತು. ಆದರೆ ಕೊನೆಯ ಕೋಣೆಯ ವೈಭವವೇ ಬೇರೆ. ಬಾಗಿಲಿಗೆ ತೋರಣ, ಕಿಟಕಿಗೆ ಪರದೆ, ಒಳಗೆ ಎಸಿ. ಮನುಷ್ಯರು ಬೆವರಿದರೆ ನಡೆಯುತ್ತದೆ, ಯಂತ್ರ ಬೆವರಬಾರದು. ಚಪ್ಪಲಿ ಹೊರಗೆ ಬಿಡಬೇಕು. ಟೀವಿಯ ನೆತ್ತಿಗೆ ಕುಂಕುಮ, ಕ್ಯಾಮೆರಾದ ಕೊರಳಿಗೆ ನಿಂಬೆಹಣ್ಣು ಮೆಣಸಿನಕಾಯಿ. ನೋಡುವುದನ್ನೇ ಕಸುಬು ಮಾಡಿಕೊಂಡ ಕ್ಯಾಮೆರಾಕ್ಕೂ ಪಾಪ, ದೃಷ್ಟಿ ತಾಗುವ ಭಯ!

ಯಂತ್ರದ ಪೂಜಾರಿ ಮಕ್ಸೂದ. ಬೀದರಿನಲ್ಲಿ ಕಂಪ್ಯೂಟರ್ ಕಲಿತು ಬಂದವನು, ಆ ಸೆಕೆಯಲ್ಲೂ ಟೈ ಕಟ್ಟಿದ್ದ. “ಇದಕ್ಕ ಮಲ್ಟಿಮೀಡಿಯಾ ಅಂತಾರಮ್ಮಾ,” ಎಂದು ವಿವರಿಸಿದ. “ಫೋಟೋ, ಆವಾಜ್, ಎಕ್ಸರೇ, ಎದಿ ಬಡಿಯೂದು, ಎಲ್ಲಾ ಒಂದೇ ಸಲ ಉಪಗ್ರಹಕ್ಕ ಹೋಗಿ ಅಲ್ಲಿಂದ ಬೆಂಗಳೂರಿಗಿ ಹೋಗ್ತದ.”

“ಪೇಷಂಟ್ ಹೋಗ್ತಾಳೇನು ಅದರಾಗ?”

“ಪೇಷಂಟ್ ಇಲ್ಲೇ ಇರ್ತಾರಮ್ಮಾ. ಅದೇ ಇದರ ಫಾಯಿದಾ.”

“ಹೌದಪ್ಪಾ, ಪೇಷಂಟ್ ಇಲ್ಲೇ ಇರ್ತಾಳ. ಇಲ್ಲೇ ಹೂಳಲಾಕ ಸಲೀಸು.”

ಆ ದಿನ ಕರೆಂಟು ಇರಲಿಲ್ಲ, ಮನೆಗೆ ಕಳಿಸಿದರು. ಮುಂದಿನ ಸರದಿಗೆ ಬಂದಾಗ ಕರೆಂಟಿತ್ತು, ಬೆಂಗಳೂರಿನ ಡಾಕ್ಟರು ಇರಲಿಲ್ಲ. ಅಷ್ಟರಲ್ಲಿ ಶಾಲುಬಾಯಿಯ ಕಾಲಿನ ಬಾವು ಮೊಣಕಾಲು ಹತ್ತಿತು. ಸುಭದ್ರಾಬಾಯಿ ಅಲ್ಲಿನ ಡಾಕ್ಟರ್ ನಿಜಾಮೋದ್ದೀನರನ್ನು ಹಿಡಿದು ನಿಲ್ಲಿಸಿದಳು. “ಡಾಕ್ಟರ್ ಸಾಬ್, ನೀವೇ ಒಂದೀಟು ನೋಡ್ರಿ. ಇಲ್ಲಾಂದ್ರ ಬೀದರಕ್ಕ ಚೀಟಿ ಬರ್ದು ಕೊಡ್ರಿ.”

ನಿಜಾಮೋದ್ದೀನರು ಕೆಟ್ಟವರಲ್ಲ. ಛತ್ರಿ ಬರುವ ಮೊದಲು ರೋಗಿಯ ಎದೆಗೆ ಕೊಳವೆ ಹಚ್ಚಿ, ಕಣ್ಣು ಮುಚ್ಚಿ ಕೇಳಿ, ಕೈಮೀರಿದ್ದಾದರೆ ಚೀಟಿ ಬರೆದು ದವಾಖಾನೆಯ ಗಾಡಿಯಲ್ಲೇ ಬೀದರಿನ ದೊಡ್ಡ ದವಾಖಾನೆಗೆ ಕಳಿಸುತ್ತಿದ್ದರು. ಯಂತ್ರ ಬಂದ ಮೇಲೆ ಟ್ರಸ್ಟಿನ ಅಧ್ಯಕ್ಷರು ಹುಕುಂ ಹೊರಡಿಸಿದರು: ಬೆಂಗಳೂರಿನವರು ಹೇಳದೆ ಒಬ್ಬರನ್ನೂ ಬೀದರಿಗೆ ಕಳಿಸಕೂಡದು. ರೋಗಿಗಳೆಲ್ಲ ಬೀದರಿಗೇ ಹೋದರೆ ಯಂತ್ರ ನೋಡಲು ಬರುವ ದೊಡ್ಡವರಿಗೆ ತೋರಿಸುವುದೇನು? ಅಂದಿನಿಂದ ನಿಜಾಮೋದ್ದೀನರು ರೋಗಿಯ ಮೈ ಮುಟ್ಟುವುದನ್ನೇ ಬಿಟ್ಟಿದ್ದರು. ಕೊಳವೆ ಅವರ ಕೋಣೆಯ ಗೋಡೆಯಲ್ಲಿ ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು.

“ನನ್ನ ಕೈಯಾಗ ಏನಿಲ್ಲಮ್ಮಾ. ಶುಕ್ರವಾರ ಬರ್ರಿ, ಖಂಡಿತ ನೋಡ್ತಾರ,” ಎಂದರು ನೆಲ ನೋಡುತ್ತ.

ಶುಕ್ರವಾರ ಯಂತ್ರಕ್ಕೆ ಜೀವ ಬಂತು. ಕರೆಂಟು ಹೋಗಿತ್ತು, ಹಿತ್ತಲಿನ ಜನರೇಟರು ಊರೆಲ್ಲ ಕೇಳುವಂತೆ ಗುಡುಗುತ್ತಿತ್ತು. ಒಳಗೆ ರೋಗಿಗೆ ಮಾತ್ರ ಪ್ರವೇಶ. ಸುಭದ್ರಾಬಾಯಿ ಗಾಜಿನ ಕಿಟಕಿಗೆ ಮೂಗು ಒತ್ತಿ ನಿಂತಳು. ಮಕ್ಸೂದ ಶಾಲುಬಾಯಿಯನ್ನು ಮದುವೆಯ ಫೋಟೋಕ್ಕೆ ಕೂರಿಸುವಂತೆ ಕೂರಿಸಿದ. ಬೆನ್ನು ನೆಟ್ಟಗಿರಲಿ, ಮೈಕಿನೊಳಗೆ ಕೆಮ್ಮಬಾರದು, ಬೆವರು ಒರೆಸಿಕೊಳ್ಳಬೇಕು, ಹೊಳೆಯುತ್ತದೆ. ಎದೆಬಡಿತದ ಗೆರೆ ಕಳಿಸುವ ಯಂತ್ರವೂ ಪಕ್ಕದಲ್ಲೇ ಇತ್ತು. ಆದರೆ ಅದಕ್ಕೆ ಮೊದಲು ಎದೆಗೆ ಹಚ್ಚಬೇಕಾದ ಜೆಲ್ಲಿ ಉದ್ಘಾಟನೆಯ ದಿನವೇ ಮುಗಿದಿತ್ತು. ಅವತ್ತು ವೇದಿಕೆಯ ಮೇಲಿದ್ದ ಹಿರಿಯರೆಲ್ಲ ಸರದಿಯಲ್ಲಿ ಅಂಗಿ ಬಿಚ್ಚಿ ತಮ್ಮ ತಮ್ಮ ಹೃದಯ ಬೆಂಗಳೂರಿಗೆ ಕಳಿಸಿ, ಗಟ್ಟಿಮುಟ್ಟಾಗಿದೆ ಎಂದು ಹೇಳಿಸಿಕೊಂಡು ಹೋಗಿದ್ದರು. ಎಕ್ಸರೇಗೂ ಕರೆಂಟಿನ ತೊಂದರೆ. ಕೊನೆಗೆ ಉಳಿದದ್ದು ಮುಖ ಮತ್ತು ಮಾತು.

ಪರದೆಯ ಮೇಲೆ ಬೆಂಗಳೂರಿನ ಡಾಕ್ಟರು ಮೂಡಿದರು. ತೆಳ್ಳಗಿನ ಕನ್ನಡಕ, ಕೈಯಲ್ಲಿ ಕಾಫಿ, ಮುಖದಲ್ಲಿ ನಗು. “ನಮಸ್ಕಾರ ಅಮ್ಮಾ. ಹೇಗಿದ್ದೀರಾ?”

ಅಷ್ಟು ಹೊತ್ತು ಮೇಜಿಗೆ ಕೈಯೂರಿ ಏದುತ್ತಿದ್ದ ಶಾಲುಬಾಯಿ ನೆಟ್ಟಗಾದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಉಸಿರನ್ನು ಎಲ್ಲಿಂದಲೋ ಸಾಲ ತಂದವಳಂತೆ ಹಿಡಿದುಕೊಂಡು, ಖಾಸಿಂ ಅಲಿಯ ಬೂತಿನಲ್ಲಿ ಪ್ರತಿ ಭಾನುವಾರ ನಗುವ ಅದೇ ನಗೆ ನಕ್ಕಳು.

“ಆರಾಮ ಅದೀನ್ರಿ ಸಾಹೇಬ್ರ. ನೀವು ಆರಾಮ ಅದೀರಿ?”

ಕಿಟಕಿಯಾಚೆ ಸುಭದ್ರಾಬಾಯಿ ಹಣೆ ಚಚ್ಚಿಕೊಂಡಳು.

“ಉಸಿರಾಟಕ್ಕೆ ಏನಾದ್ರೂ ತೊಂದ್ರೆ ಇದೆಯಾ?”

“ಹಂಗೇನಿಲ್ರಿ. ಒಂದೀಟು ದಣಿವು. ಬಿಸಲು ಭಾಳ ಅದಲ್ರಿ.”

“ರಾತ್ರಿ ನಿದ್ದೆ ಬರುತ್ತಾ?”

“ಬರ್ತದ್ರಿ. ನಿಮ್ಮದು ಊಟ ಆತೇನ್ರಿ?”

ಡಾಕ್ಟರಿಗೆ ಖುಷಿಯಾಯಿತು. ಅಷ್ಟು ದೂರದ ಊರಿನಿಂದ ತಮ್ಮ ಊಟ ವಿಚಾರಿಸಿದ ರೋಗಿ ಇವಳೊಬ್ಬಳೇ ಇರಬೇಕು. ಮಕ್ಸೂದನ ಕ್ಯಾಮೆರಾ ಮುಖ ಬಿಟ್ಟು ಕೆಳಗೆ ಇಳಿಯಲೇ ಇಲ್ಲ. ಮೇಜಿನ ಕೆಳಗೆ ಬಾತ ಕಾಲುಗಳು ಯಾರಿಗೂ ಸಂಬಂಧವಿಲ್ಲದಂತೆ ಕೂತಿದ್ದವು. ಅಷ್ಟರಲ್ಲಿ ಚಿತ್ರ ಸ್ತಬ್ಧವಾಯಿತು. ಡಾಕ್ಟರು ಅರ್ಧ ಬಾಯಿ ತೆರೆದವರು ತೆರೆದೇ ಉಳಿದರು, ದನಿ ಮಾತ್ರ ಎಲ್ಲಿಂದಲೋ ಬಂತು. ರಕ್ತ ಕಡಿಮೆ ಇರಬಹುದು, ಮಾತ್ರೆ ಬರೆದಿದ್ದೇನೆ, ಗಾಬರಿ ಬೇಡ, ಬೀದರಿಗೆ ಕಳಿಸುವ ಅಗತ್ಯವಿಲ್ಲ, ಮುಂದಿನ ತಿಂಗಳು ನೋಡೋಣ. ಮಕ್ಸೂದ ಪರೀಕ್ಷೆ ಪಾಸಾದವನಂತೆ ಕೈ ತಟ್ಟಿದ.

ಶಾಲುಬಾಯಿಯನ್ನು ಮೂರ್ಖಳೆನ್ನುವವರು ಎನ್ನಲಿ. ದೂರದಿಂದ ಒಬ್ಬರು ಹೇಗಿದ್ದೀರಿ ಎಂದರೆ ಅವಳಿಗೆ ಗೊತ್ತಿದ್ದ ಉತ್ತರ ಒಂದೇ. ಪಕ್ಕದಲ್ಲಿ ಕೂತು ಕೈ ಹಿಡಿದು ಕೇಳಿದ್ದರೆ ಅತ್ತಾದರೂ ಅಳುತ್ತಿದ್ದಳು. ಅಷ್ಟು ದುಬಾರಿ ಯಂತ್ರ ತಂದವರಿಗೆ ಒಬ್ಬ ಹೆಂಗಸಿನ ಬಾಯಿ ದೂರದವರ ಮುಂದೆ ಏನು ಹೇಳುತ್ತದೆ ಎಂಬುದು ಹೊಳೆಯಲಿಲ್ಲ. ಹೊಳೆಯುವ ಜಾಗದಲ್ಲಿ ಬಹುಶಃ ಅವರಿಗೂ ಎಸಿ ಕೂರಿಸಿದ್ದರು.

ಸುಭದ್ರಾಬಾಯಿ ಬಾಗಿಲು ತಳ್ಳಿದಳು. ಚಪ್ಪಲಿ ಕಾಲಲ್ಲೇ ಇತ್ತು. “ಬೂಟಾ ಚಪ್ಪಲ್ ಹೊರಗ ಬಿಡ್ರಿ!” ಎಂದು ಮಕ್ಸೂದ ಕೂಗಿದ. ಅವಳು ನೇರ ಕ್ಯಾಮೆರಾದ ಎದುರಿಗೆ ನಿಂತು ಬೆರಳು ತೋರಿಸಿದಳು.

“ಸಾಹೇಬಾ, ಆಕಿ ಸುಳ್ಳ ಹೇಳ್ಯಾಳ! ಆಕಿ ಕಾಲು ನೋಡ್ರಿ, ತುಟಿ ನೋಡ್ರಿ! ಆಕಿ ಸಾಯ್ಲತಾಳ!”

ಪರದೆ ಅಷ್ಟರಲ್ಲಿ ನೀಲಿಯಾಗಿತ್ತು. ಬೆಂಗಳೂರು ಹೋಗಿತ್ತು. ಆ ನೀಲಿಯ ಮುಂದೆ ಅವಳು ಇನ್ನಷ್ಟು ಬೈದಳು. ಆಮೇಲೆ ಖಾಲಿ ಡಬ್ಬಿಗೆ ಬೈಯುವುದು ತನ್ನ ನಾಲಿಗೆಗೇ ಅವಮಾನವೆಂದು ತಿಳಿದು, ಅದಕ್ಕೆ ತಕ್ಕವರನ್ನು ಹುಡುಕಿಕೊಂಡು ನಿಜಾಮೋದ್ದೀನರ ಕೋಣೆಗೆ ನುಗ್ಗಿದಳು. ಗೋಡೆಯ ಕೊಳವೆಯನ್ನು ಮೊಳೆಯಿಂದ ಕಿತ್ತು, ಸೆರಗಿನಿಂದ ಧೂಳು ಒರೆಸಿ, ಅವರ ಮೇಜಿನ ಮೇಲೆ ಬಡಿದಳು.

“ಡಾಕ್ಟರ್ ಸಾಬ್, ಇದು ಗ್ವಾಡಿಗಿ ಹಾಕೋ ದಾಗೀನೇನ್ರಿ?”

“ಅಮ್ಮಾ, ದೊಡ್ಡ ಡಾಕ್ಟರ್ ನೋಡ್ಯಾರಲ್ಲ, ಅವರು...”

“ಅವರು ಆಕಿ ನಗಿ ನೋಡ್ಯಾರ. ನೀವು ಎದಿ ನೋಡ್ರಿ. ನಿಮ್ಮ ಕಿವಿಗೂ ಬೆಂಗಳೂರಿನ ಪರವಾನಗಿ ಬೇಕೇನು?”

ಹೊರಗೆ ಸಾಲಿನಲ್ಲಿದ್ದವರೆಲ್ಲ ಬಾಗಿಲಲ್ಲಿ ಕೂಡಿದ್ದರು. ನಿಜಾಮೋದ್ದೀನರು ಎದ್ದು, ಕೊಳವೆಯನ್ನು ಕಿವಿಗಿಟ್ಟುಕೊಂಡು, ಬಾಗಿಲಿಗೆ ಒರಗಿದ್ದ ಶಾಲುಬಾಯಿಯನ್ನು ಕೂರಿಸಿ ಎದೆಗೆ ಹಚ್ಚಿದರು. ಹಳೆಯ ರೂಢಿಯಂತೆ ಕಣ್ಣು ಮುಚ್ಚಿದರು. ಬೆನ್ನಿಗೆ ಹಚ್ಚಿದರು. ಕಾಲು ಒತ್ತಿ ನೋಡಿದರು. ಕಣ್ಣು ತೆರೆದಾಗ ಅವರ ಮುಖದ ಬಣ್ಣ ಹೋಗಿತ್ತು.

“ಈಗಿಂದೀಗ ಬೀದರಕ್ಕ ಒಯ್ಯಬೇಕು. ಶ್ವಾಸಕೋಶದಾಗ ನೀರು ತುಂಬ್ಯಾದ,” ಎಂದವರೇ ಹೊರಗೆ ಬಂದು ಗಾಡಿಯ ಡ್ರೈವರ್ ಖಾಜಾ ಮಿಯಾನನ್ನು ಕೂಗಿದರು. “ಗಾಡಿ ತೆಗಿ!”

ಖಾಜಾ ಮಿಯಾ ತಲೆ ಕೆರೆದುಕೊಂಡ. “ಗಾಡ್ಯಾಗ ಡೀಸೆಲ್ ಇಲ್ರಿ ಸಾಬ್. ಮುಂಜಾನಿ ತೆಗೆದು ಜನರೇಟರಿಗಿ ಹಾಕ್ಯಾರ. ಟೀವಿ ನಡೀಬೇಕಂತ ಅಧ್ಯಕ್ಷರು ಹೇಳಿದ್ರು.”

ಹಿತ್ತಲಿನಲ್ಲಿ ಜನರೇಟರು ಇನ್ನೂ ಗುಡುಗುತ್ತಿತ್ತು. ಮಕ್ಸೂದ ಎಸಿ ಆರಿಸಿರಲಿಲ್ಲ. ತಂಗಿಯನ್ನು ಉಳಿಸಬೇಕಾದ ಎಣ್ಣೆ ಖಾಲಿ ಕೋಣೆಯನ್ನು ತಣ್ಣಗಿಡುತ್ತಿತ್ತು.

ಸುಭದ್ರಾಬಾಯಿ ತಂಗಿಯ ತೋಳು ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟಳು. ಹಿಂದಿನಿಂದ ನಿಜಾಮೋದ್ದೀನರು ಇಂಜೆಕ್ಷನ್ನಿನ ಡಬ್ಬಿ ಹಿಡಿದು ಓಡೋಡಿ ಬಂದರು. “ಚೀಟಿ ಬರೀಬ್ಯಾಡ ಅಂತ ಹುಕುಂ ಅದ. ಜೋಡಿ ಹೋಗಬ್ಯಾಡ ಅಂತ ಹುಕುಂ ಇಲ್ಲ. ನಾನೇ ಬರ್ತೇನಿ.”

“ದೊಡ್ಡ ಉಪಕಾರ ಆತ್ರಿ,” ಎಂದಳು ಸುಭದ್ರಾಬಾಯಿ. ಆದರೂ ಬಸ್ಸು ಹತ್ತಿದ ಮೇಲೆ ಕಿಟಕಿ ಪಕ್ಕದ ಸೀಟಿನಲ್ಲಿ ಅವರಿಗೆ ಜಾಗ ಮಾಡಿಕೊಟ್ಟಳು.

ಬಸ್ಸು ಸಂತಪುರ ದಾಟುವಾಗ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರು. ಮಾಂಜ್ರಾದ ಸೇತುವೆಯ ಮೇಲೆ ಶಾಲುಬಾಯಿಯ ಕತ್ತು ವಾಲಿತು. ಡಾಕ್ಟರು ಅವಳ ಬೆನ್ನನ್ನು ತಮ್ಮ ಭುಜಕ್ಕೆ ಆನಿಸಿಕೊಂಡು ನೆಟ್ಟಗೆ ಕೂರಿಸಿದರು, ನಾಡಿ ಹಿಡಿದ ಕೈ ಬಿಡಲಿಲ್ಲ. ಶಾಲುಬಾಯಿ ಕಣ್ಣು ತೆರೆದು ಅಕ್ಕನ ಮುಖ ನೋಡಿದಳು. “ಆರಾಮ ಅದೀನಕ್ಕಾ,” ಎಂದಳು.

“ಇನ್ನೊಮ್ಮಿ ಆ ಮಾತು ಅಂದ್ರ ಕಿಟಕ್ಯಾಗಿಂದ ಒಗೀತೇನಿ,” ಎಂದಳು ಸುಭದ್ರಾಬಾಯಿ. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಬಸ್ಸಿನಲ್ಲಿದ್ದವರು ನೋಡಿದರೂ ಸೆರಗು ಅಡ್ಡ ಹಿಡಿಯಲಿಲ್ಲ.

ಬೀದರಿನ ದೊಡ್ಡ ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿದರು. ಇಂಜೆಕ್ಷನ್ನಿಗೆ ಮೈಯ ನೀರು ಇಳಿಯತೊಡಗಿತು. ಎರಡು ದಿನಕ್ಕೆ ಶಾಲುಬಾಯಿಯ ತುಟಿಗೆ ಬಣ್ಣ ಬಂತು. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಹೃದಯದೊಳಗಿನ ಒಂದು ಕವಾಟ ಕಿರಿದಾಗಿದೆ ಎಂದರು ಅಲ್ಲಿನ ಡಾಕ್ಟರು. ಹೈದರಾಬಾದಿನಲ್ಲಿ ಅದನ್ನು ಹಿಗ್ಗಿಸಬಹುದು, ಬೇಗ ಆಗಬೇಕು, ಮನೆಯವರನ್ನು ಕರೆಸಿ. ಇನ್ನೊಂದು ರಾತ್ರಿ ತಡವಾಗಿದ್ದರೆ ಕರೆಸುವ ರೀತಿಯೇ ಬೇರೆ ಇರುತ್ತಿತ್ತು ಎಂದೂ ಹೇಳಿದರು. ನಿಜಾಮೋದ್ದೀನರು ಅಲ್ಲೇ ನಿಂತು ಕೇಳಿಸಿಕೊಂಡರು.

ಗೇಟಿನ ಎದುರಿಗೇ ಎಸ್‌ಟಿಡಿ ಬೂತು. ಶಾಲುಬಾಯಿಯನ್ನು ಗಾಲಿಕುರ್ಚಿಯಲ್ಲಿ ಅಲ್ಲಿಯವರೆಗೆ ತಳ್ಳಿಕೊಂಡು ಬಂದರು. ಮಚ್ಛೇಂದ್ರ ಕೆಲಸ ಮಾಡುವ ಕಟ್ಟಡದ ಪಕ್ಕದ ಕಿರಾಣಿ ಅಂಗಡಿಯ ನಂಬರು ಅವಳಿಗೆ ಬಾಯಿಪಾಠ. “ಹೇಳಬ್ಯಾಡಕ್ಕಾ,” ಎಂದು ಕೈ ಹಿಡಿದಳು. ಅಕ್ಕ ಕೈ ಕೊಡವಿ ನಂಬರು ಒತ್ತಿದಳು. ಅಂಗಡಿಯವನು ಕೂಗಿ ಕರೆದ. ಆ ತುದಿಯಲ್ಲಿ ಮಚ್ಛೇಂದ್ರನ ದನಿ ಕೇಳಿತು. ಅವತ್ತು ಭಾನುವಾರವಲ್ಲ, ದನಿಯಲ್ಲಿ ಆಗಲೇ ಅಂಜಿಕೆ ಇತ್ತು.

“ಮಚ್ಛೇಂದ್ರಾ, ನಾ ಸುಭದ್ರಕ್ಕ. ಶಾಲುಗ ಆರಾಮ ಇಲ್ಲಪ್ಪಾ. ಲಗೂನ ಬಾ.”

ಆ ಕಡೆ ಕಾಂಕ್ರೀಟು ಕಲಸುವ ಯಂತ್ರ ತಿರುಗುವುದು ಕೇಳುತ್ತಿತ್ತು. ಅದರ ಸದ್ದಿನ ನಡುವೆ ಅವನು ಕೇಳಿದ.

“ಮಣ್ಣು ಮಾಡೂದು ಎಷ್ಟೊತ್ತಿಗಿ ಅಕ್ಕಾ? ನಾ ಬರೂತನಾ ಇಟಗೋತೀರೇನು?”

ಸುಭದ್ರಾಬಾಯಿ ರಿಸೀವರಿಗೆ ಬಾಯಿ ಹಚ್ಚಿ ಕೂಗಿದಳು. “ಇಲ್ಲೋ ಮಚ್ಛೇಂದ್ರಾ, ಜೀವಂತ ಅದಾಳ! ಬೀದರದಾಗ ನನ್ನ ಬಾಜುಕೇ ಕುಂತಾಳ!”

“ನನಗ ಸಮಾಧಾನ ಮಾಡಬ್ಯಾಡಕ್ಕಾ. ನಮ್ಮಪ್ಪ ಹೋದಾಗೂ ಹಿಂಗೇ ಫೋನ್ ಬಂದಿತ್ತು. ಕಾಲಿನ್ನೂ ಆಡಿಸ್ಲತಾನ ಅಂದಿದ್ರು.” ಅವನ ಮಾತು ಒಡೆಯಿತು. “ಆಕಿ ಹೋದ ಭಾನುವಾರ ಆರಾಮ ಅದೀನಿ ಅಂದಿದ್ಳಲ್ಲಕ್ಕಾ...”

ಸುಭದ್ರಾಬಾಯಿ ರಿಸೀವರನ್ನು ತಂಗಿಯ ಕಿವಿಗೆ ಒತ್ತಿದಳು. “ಮಾತಾಡು. ಆರಾಮ ಅಂದಿಯಂದ್ರ ನೋಡು.”

ಗಂಡನ ಅಳು ಶಾಲುಬಾಯಿಯ ಕಿವಿಗೆ ಬಿತ್ತು. ತನಗಾಗಿ ಒಬ್ಬರು ಅಳುವುದನ್ನು ಬದುಕಿದ್ದಾಗಲೇ ಕೇಳುವುದು ಯಾರಿಗೆ ಒದಗುತ್ತದೆ? ರೂಢಿಯಂತೆ ಅವಳ ತುಟಿ ಆ ಹಳೆಯ ಮಾತಿಗೆ ತೆರೆಯಿತು. ಆದರೆ ಸುಳ್ಳಿಗೆ ಬೇಕಾದಷ್ಟು ಉಸಿರು ಇರಲಿಲ್ಲ.

“ಹಲೋ... ನಾನ್ರೀ, ಶಾಲು. ನನಗ ಆರಾಮ ಇಲ್ರಿ.” ನಿಂತು ಉಸಿರೆಳೆದಳು. “ಉಸಿರು ಸಿಗವಲ್ದು. ಕಾಲು ಬಾತಾವ. ಮಲಗ್ಲಾಕ ಬರಂಗಿಲ್ಲ, ಕುಂತೇ ರಾತ್ರಿ ಕಳೀತೇನಿ. ಸಂಕ್ರಾಂತಿಯಿಂದ ಹಿಂಗೇ ಅದ. ನನಗ ಹೆದರಿಕಿ ಬರ್ತದರಿ.”

ಆ ತುದಿಯಲ್ಲಿ ಮಚ್ಛೇಂದ್ರ ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯುವಂತಿರಲಿಲ್ಲ. “ಹೇಳು,” ಎನ್ನುತ್ತಿದ್ದ. “ಇನ್ನೂ ಹೇಳು. ಮತ್ತೇನಾಗ್ಯಾದ? ಎಲ್ಲಾ ಹೇಳು.”

ಶಾಲುಬಾಯಿ ಹೇಳತೊಡಗಿದಳು. ಬೂತಿನವನು ಓಡುತ್ತಿದ್ದ ಮೀಟರಿನ ಕಡೆ ಬೆರಳು ತೋರಿಸಿದ. ಸುಭದ್ರಾಬಾಯಿ ಅವನನ್ನು ಕಣ್ಣಲ್ಲೇ ಸುಟ್ಟಳು.

“ಓಡ್ಲಿ ಬಿಡು. ನನ್ನ ತಂಗಿ ತನ್ನ ಬ್ಯಾನಿ ಹೇಳ್ಲತಾಳ.”